ಶಿಮ್ಲಾದ ಬಂಗ್ಲೆ, ಶಿವರಾಜರ ಕುರ್ಚಿ, ನನ್ನ ಸ್ಕಾಲರ್‌ಶಿಪ್ಪು



ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ. ಹದಿನೈದು ದಿನದಿಂದ ತಲೇಲಿ ಕೊರೀತಾ ಇದೆ, ಬರೆದು ಇಳಿಸ್ಕೊಳ್ಳದೆ ಬೇರೆ ದಾರಿ ಇಲ್ಲ.

ಕಳೆದ ತಿಂಗಳು ಎಲ್‌ಟಿಸಿ ಹಾಕ್ಕೊಂಡು ಶಿಮ್ಲಾಕ್ಕೆ ಹೋಗಿದ್ವಿ. ನಾನು, ನನ್ನ ಹೆಂಡ್ತಿ, ಪಿಯುಸಿ ಓದ್ತಿರೋ ಮಗಳು. ಇಪ್ಪತ್ತು ವರ್ಷದ ನೌಕರೀಲಿ ಇದೇ ಮೊದಲನೇ ಸಲ. ಕಾಲ್ಕಾದಿಂದ ಮೇಲಕ್ಕೆ ಆ ಪುಟ್ಟ ರೈಲು. 96 ಕಿಲೋಮೀಟರ್ ದಾರೀಲಿ ನೂರಕ್ಕೂ ಹೆಚ್ಚು ಸುರಂಗ, ಒಂದೊಂದು ಸುರಂಗ ಬಂದಾಗ್ಲೂ ಡಬ್ಬೀಲಿರೋ ಮಕ್ಕಳೆಲ್ಲಾ ಕಿರುಚೋದು. ಈ ರೈಲು ಓಡೋಕೆ ಶುರುವಾಗಿದ್ದು 1903ರಲ್ಲಿ. ಆ ಇಸವಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಶಿಮ್ಲಾಕ್ಕೆ ಹೋದವರು ಮಾಲ್ ರೋಡು, ಕುಫ್ರಿ ಅಂತ ಓಡಾಡ್ತಾರೆ. ನಾನು ಮೊದಲೇ ಗುರುತು ಹಾಕ್ಕೊಂಡಿದ್ದು ವೈಸ್‌ರೀಗಲ್ ಲಾಡ್ಜ್, ಅಂದ್ರೆ ವೈಸ್‌ರಾಯ್ ಇರ್ತಿದ್ದ ಬಂಗ್ಲೆ. ಬಂಗ್ಲೆ ಅಂತ ಬಾಯಿಮಾತಿಗೆ ಅಂದೆ, ನೋಡಿದ್ರೆ ಅರಮನೇನೇ. ಅಬ್ಸರ್ವೇಟರಿ ಹಿಲ್ ಅನ್ನೋ ಗುಡ್ಡದ ನೆತ್ತಿ ಮೇಲೆ, ಸುಮಾರು 7,000 ಅಡಿ ಎತ್ತರದಲ್ಲಿ, ಬೂದುಗಲ್ಲಿನ ಕಟ್ಟಡ. ಈ ಗುಡ್ಡದ ಒಂದು ಕಡೆ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತಂತೆ, ಇನ್ನೊಂದು ಕಡೆದು ಯಮುನೆ ಸೇರಿ ಬಂಗಾಳ ಕೊಲ್ಲಿಗೆ. ದೇಶ ಆಳೋರು ಕೂತ್ಕೊಳ್ಳೋಕೆ ಎಂಥಾ ಜಾಗ ಹುಡುಕಿದ್ದಾರೆ ನೋಡಿ.

ಬ್ರಿಟಿಷರು 1864ರಲ್ಲಿ ಶಿಮ್ಲಾವನ್ನ ಬೇಸಿಗೆ ರಾಜಧಾನಿ ಮಾಡ್ಕೊಂಡ್ರು. ಆಗ ರಾಜಧಾನಿ ಕಲ್ಕತ್ತಾ. ಬಿಸಿಲು ಏರ್ತಿದ್ದ ಹಾಗೆ ಇಡೀ ಸರ್ಕಾರ, ಕಡತ, ಗುಮಾಸ್ತರು, ಸೀಲು ಶಾಯಿ ಸಮೇತ ಬೆಟ್ಟ ಹತ್ತೋದು, ಚಳಿ ಬಂದಾಗ ಇಳಿಯೋದು. ನಮ್ಮ ಆಫೀಸಲ್ಲಿ ಒಂದು ಬೀರು ಆ ರೂಮಿಂದ ಈ ರೂಮಿಗೆ ಹೋದ್ರೆ ಮೂರು ತಿಂಗಳು ಫೈಲು ಸಿಗಲ್ಲ. ಆ ಕಾಲದ ಗುಮಾಸ್ತರ ಪಾಡು ನೆನೆಸ್ಕೊಂಡು ನನಗೆ ಒಳಗೊಳಗೇ ನಗು.

ಟಿಕೆಟ್ ತಗೊಂಡ್ರೆ ಗುಂಪು ಮಾಡಿ ಗೈಡ್ ಜೊತೆ ಒಳಗೆ ಬಿಡ್ತಾರೆ. ಒಳಗೆ ಫೋಟೋ ತೆಗೆಯಂಗಿಲ್ಲ. ನಮ್ಮ ಗುಂಪಲ್ಲಿ ಇಪ್ಪತ್ತೈದು ಜನ ಇದ್ದಿರಬಹುದು, ಗುಜರಾತಿನವರೇ ಜಾಸ್ತಿ. ಗೈಡ್ ವಯಸ್ಸಾದ ಮನುಷ್ಯ, ಸಣ್ಣ ದನಿ, ಆದ್ರೆ ಒಂದೊಂದು ಮಾತೂ ಸ್ಪಷ್ಟ. ಹಿಂದೀಲಿ ಹೇಳಿ ಆಮೇಲೆ ಇಂಗ್ಲಿಷಲ್ಲೂ ಹೇಳ್ತಿದ್ರು. ಲಾರ್ಡ್ ಡಫರಿನ್ ಕಾಲದಲ್ಲಿ ಕಟ್ಟಿದ್ದು, 1888ರ ಜುಲೈನಲ್ಲಿ ಆತ ಇಲ್ಲಿಗೆ ವಾಸಕ್ಕೆ ಬಂದ. ಕಟ್ಟಿಸೋವಾಗಲೇ ಕರೆಂಟ್ ದೀಪ ಹಾಕಿಸಿದ್ರು. ಮರದ ಕೆಲಸಕ್ಕೆ ಬರ್ಮಾದಿಂದ ತೇಗ ಬಂತು, ಜೊತೆಗೆ ದೇವದಾರು, ಆಕ್ರೋಟದ ಮರ. ಒಳಗೆ ಕಾಲಿಟ್ಟು ತಲೆ ಎತ್ತಿದ್ರೆ ಮೂರು ಅಂತಸ್ತಿನ ಮರದ ಗ್ಯಾಲರಿ. ನನ್ನ ಹೆಂಡ್ತಿ ನನ್ನ ಕಿವೀಲಿ, "ಇದನ್ನ ದಿನಾ ಯಾರ್ರೀ ಒರೆಸ್ತಾರೆ?" ಅಂದ್ಲು.

ಕಟ್ಟಡದ ವಿನ್ಯಾಸ ಹೆನ್ರಿ ಇರ್ವಿನ್ ಅನ್ನೋ ಲೋಕೋಪಯೋಗಿ ಇಲಾಖೆಯ ಎಂಜಿನಿಯರದ್ದು. ಈ ಹೆಸರು ಕೇಳಿದ ತಕ್ಷಣ ನಾನು ಹೆಂಡ್ತಿ ಕಡೆ ತಿರುಗಿ ನೋಡ್ದೆ. 1897ರಲ್ಲಿ ಮೈಸೂರಿನ ಹಳೇ ಮರದ ಅರಮನೆ ಸುಟ್ಟು ಹೋದ್ಮೇಲೆ ಈಗಿನ ಅರಮನೆ ವಿನ್ಯಾಸ ಮಾಡಿದ್ದೂ ಇವನೇ. 1912ಕ್ಕೆ ಅದು ಮುಗೀತು. ಏಳನೇ ಕ್ಲಾಸಲ್ಲಿದ್ದಾಗ ಸ್ಕೂಲಿಂದ ಮೈಸೂರು ಅರಮನೆಗೆ ಕರ್ಕೊಂಡು ಹೋಗಿದ್ರು, ಅವತ್ತು ನನ್ನ ಕಾಲಲ್ಲಿ ಚಪ್ಪಲಿ ಇರ್ಲಿಲ್ಲ, ಆದ್ದರಿಂದ ಚಪ್ಪಲಿ ಸ್ಟ್ಯಾಂಡಲ್ಲಿ ಸಾಲು ನಿಲ್ಲೋ ಕಷ್ಟವೂ ಇರ್ಲಿಲ್ಲ. ಅದೇ ಮನುಷ್ಯನ ಇನ್ನೊಂದು ಅರಮನೇಲಿ ಮೂವತ್ತು ವರ್ಷ ಆದ್ಮೇಲೆ ಸರ್ಕಾರಿ ದುಡ್ಡಲ್ಲಿ ಬಂದು ನಿಂತಿದ್ದೀನಿ ಅಂತ ಒಂಥರಾ ಅನ್ನಿಸ್ತು.

ಈಗ ಆ 1903ಕ್ಕೆ ಬನ್ನಿ. ಬಂಗ್ಲೆ ಮುಗಿದಿದ್ದು 1888. ರೈಲು ಬಂದಿದ್ದು ಅದಾದ 15 ವರ್ಷಕ್ಕೆ. ಹಾಗಾದ್ರೆ ಬರ್ಮಾದ ತೇಗ, ವಿಲಾಯತಿ ಸಾಮಾನು, ಕರೆಂಟಿನ ಯಂತ್ರ ಇವೆಲ್ಲಾ ಬಯಲಿಂದ ಬೆಟ್ಟಕ್ಕೆ ಬಂದಿದ್ದು ಗಾಡೀಲಿ, ಹೇಸರಗತ್ತೆ ಮೇಲೆ, ಮನುಷ್ಯರ ಬೆನ್ನ ಮೇಲೆ. ಶಿಮ್ಲಾ ಬೆಟ್ಟದ ಸಂಸ್ಥಾನಗಳಲ್ಲಿ ಬೇಗಾರ್ ಅನ್ನೋ ಪದ್ಧತಿ ಇತ್ತು. ಸಾಹೇಬ ಬಂದ್ರೆ, ರಾಜ ಹೊರಟ್ರೆ, ಹಳ್ಳಿಯವರು ಹೊಲ ಬಿಟ್ಟು ಬಂದು ಸಾಮಾನು ಹೊರಬೇಕು. ಕೋಟಗಢದಲ್ಲಿ ನೆಲೆಸಿದ್ದ ಸ್ಟೋಕ್ಸ್ ಅನ್ನೋ ಅಮೆರಿಕನ್ನು 1921ರಲ್ಲಿ ಇದರ ವಿರುದ್ಧ ದೊಡ್ಡ ಹೋರಾಟ ಕಟ್ಟಿದ.

ಬೇಗಾರ್ ಅಂದ್ರೆ ನಮಗೆ ಡಿಕ್ಷನರಿ ಬೇಕಾ? ನಮ್ಮ ಕಡೆ ಬಿಟ್ಟಿ ಚಾಕ್ರಿ. ನಮ್ಮ ತಾತ ಊರ ತೋಟಿ. ಅಮಲ್ದಾರರು ಕ್ಯಾಂಪ್ ಬಂದ್ರೆ ಅವರ ಹಾಸಿಗೆ ಪೆಟ್ಟಿಗೆ ಹೊತ್ತು ಮುಂದಿನ ಊರಿಗೆ ತಲುಪಿಸಿ ಬರೋದು ಅವರ ಪಾಲಿನ ಕೆಲಸ. ಮುಂದಿನ ಊರಲ್ಲಿ ಅಮಲ್ದಾರರಿಗೆ ಊಟ, ತಾತನಿಗೆ ವಾಪಸ್ ನಡಿಗೆ. ನಮ್ಮ ಸಂವಿಧಾನದ 23ನೇ ವಿಧಿ ತೆಗೆದು ನೋಡಿ. ಅಷ್ಟೊಂದು ಇಂಗ್ಲಿಷಿನ ನಡುವೆ ಬೇಗಾರ್ ಅನ್ನೋ ನಮ್ಮ ಮಾತು ಹಾಗೇ ಕೂತಿದೆ. ಅದನ್ನ ನಿಷೇಧ ಮಾಡೋವಾಗ ಅದರ ಹೆಸರನ್ನೇ ಹೇಳಿ ನಿಷೇಧ ಮಾಡಿದ್ದಾರೆ.

ಗೈಡ್ ನಮ್ಮನ್ನ ಫೋಟೋಗಳಿರೋ ಕಡೆ ಕರ್ಕೊಂಡು ಬಂದ್ರು. 1945ರ ಶಿಮ್ಲಾ ಸಮ್ಮೇಳನ ಇದೇ ಮನೇಲಿ ನಡೆದದ್ದು. ಜೂನ್ 25ರಿಂದ ಜುಲೈ 14ರ ತನಕ. ಗಾಂಧಿ, ಆಜಾದ್, ಜಿನ್ನಾ, ವೈಸ್‌ರಾಯ್ ವೇವೆಲ್. ಎಲ್ಲರೂ ಕುತ್ತಿಗೆ ಉದ್ದ ಮಾಡಿ ನೋಡ್ತಿದ್ದಾಗ ನನ್ನ ಮಗಳು ಕನ್ನಡದಲ್ಲೇ ಸ್ವಲ್ಪ ಜೋರಾಗಿ ಕೇಳಿಬಿಟ್ಲು: "ಅಪ್ಪಾ, ಅಂಬೇಡ್ಕರ್ ಎಲ್ಲಿ?"

ಹೆಸರು ಗೈಡ್‌ಗೂ ಕೇಳಿಸ್ತು. ಅವರು ಬೇಜಾರು ಮಾಡ್ಕೊಳ್ಳದೆ ನಿಧಾನಕ್ಕೆ ಹಿಂದೀಲಿ ಹೇಳಿದ್ರು, "ಈ ಸಭೆಗೆ ಅವರಿಗೆ ಕರೆ ಇರ್ಲಿಲ್ಲ ಮಗಳೇ. ಪಕ್ಷಗಳ ಮುಖಂಡರನ್ನ ಕರೆದಿದ್ರು, ಬಾಬಾಸಾಹೇಬರು ಆಗ ವೈಸ್‌ರಾಯ್ ಕೌನ್ಸಿಲಲ್ಲೇ ಇದ್ರು." ಗುಂಪು ಮುಂದಕ್ಕೆ ಹೋಯ್ತು. ನಾನು ಅಲ್ಲೇ ಉಳ್ಕೊಂಡೆ.

ಗೈಡ್ ಹೇಳಿದ್ದು ಸರಿ. ನನಗೆ ಚುಚ್ಚಿದ್ದು ಅದಲ್ಲ. ಮಗಳು ಆಚೆ ಬಂದ್ಮೇಲೆ ಕೇಳಿದ್ಲು, "ಹಾಗಾದ್ರೆ ನಮ್ಮ ಕಡೆಯಿಂದ ಯಾರು ಬಂದಿದ್ರು?" ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಏಪ್ರಿಲ್ 14ಕ್ಕೆ ಮೈಕ್ ಹಿಡೀತಿದ್ದೀನಿ. ಮಹಾಡ್ 1927, ಕಾಳಾರಾಮ್ 1930, ಪೂನಾ 1932, ಎಲ್ಲಾ ಬಾಯಿಪಾಠ. 1942ರಿಂದ 46ರ ನಾಲ್ಕು ವರ್ಷಕ್ಕೆ ಮಾತ್ರ "ಕಾರ್ಮಿಕ ಮಂತ್ರಿಗಳಾಗಿದ್ದರು" ಅಂತ ಒಂದು ಲೈನು ಹೇಳಿ ಸಂವಿಧಾನ ಸಭೆಗೆ ಜಿಗೀತಿದ್ದೆ. ಅವತ್ತು ರಾತ್ರಿ ಲಾಡ್ಜಿನ ರೂಮಲ್ಲಿ, ಅಂದ್ರೆ ನಮ್ಮ ಒಂಬೈನೂರು ರೂಪಾಯಿ ಲಾಡ್ಜು, ಕಂಬಳಿ ಹೊದ್ಕೊಂಡು ಮೊಬೈಲಲ್ಲಿ ಓದೋಕೆ ಶುರು ಮಾಡ್ದೆ. ಊರಿಗೆ ಬಂದ್ಮೇಲೆ ಪುಸ್ತಕ ತೆಗೆದೆ.

ಬಂದಿದ್ದವರು ರಾವ್ ಬಹಾದ್ದೂರ್ ಎನ್. ಶಿವರಾಜ್. 1892ರಲ್ಲಿ ಹುಟ್ಟಿದವರು, ಮದ್ರಾಸಿನ ವಕೀಲರು, ಕಾನೂನು ಕಾಲೇಜಲ್ಲಿ ಪಾಠ ಹೇಳಿದವರು, ಕೇಂದ್ರ ಶಾಸನಸಭೆಯ ಸದಸ್ಯರು. 1942ರ ಜುಲೈನಲ್ಲಿ ನಾಗಪುರದಲ್ಲಿ ಶುರುವಾದ ಅಖಿಲ ಭಾರತ ಪರಿಶಿಷ್ಟ ಜಾತಿಗಳ ಒಕ್ಕೂಟದ ಅಧ್ಯಕ್ಷರು. ಮುಂದೆ ಮದ್ರಾಸಿನ ಮೇಯರ್ ಆದ್ರು, ರಿಪಬ್ಲಿಕನ್ ಪಕ್ಷದ ಮೊದಲ ಅಧ್ಯಕ್ಷರೂ ಇವರೇ. ಇವರ ಹೆಂಡತಿ ಮೀನಾಂಬಾಳ್ ಅವರದ್ದೇ ಒಂದು ದೊಡ್ಡ ಕಥೆ, ಅದನ್ನ ಇನ್ನೊಂದು ದಿನ ಬರೀತೀನಿ. ಆ ಬಂಗ್ಲೇಲಿ ಆ ಬೇಸಿಗೇಲಿ ಸೇರಿದ್ದ ಸುಮಾರು 20 ಮುಖಂಡರಲ್ಲಿ ನಮ್ಮ ಜನರ ಪ್ರತಿನಿಧಿ ಅಂತ ಕರೆಸ್ಕೊಂಡಿದ್ದು ಒಬ್ಬರು.

ಆ ಸಭೆ ಯಾಕೆ? ಯುದ್ಧ ಮುಗಿಯೋ ಹೊತ್ತು. ವೈಸ್‌ರಾಯ್ ಕಾರ್ಯಕಾರಿ ಮಂಡಳೀಲಿ ವೈಸ್‌ರಾಯ್ ಮತ್ತು ದಂಡನಾಯಕ ಇಬ್ಬರನ್ನ ಬಿಟ್ಟು ಮಿಕ್ಕವರೆಲ್ಲಾ ಭಾರತೀಯರೇ ಇರಲಿ ಅನ್ನೋದು ಯೋಜನೆ. ಅದರಲ್ಲಿ ಸವರ್ಣ ಹಿಂದೂಗಳಿಗೂ ಮುಸ್ಲಿಮರಿಗೂ ಸಮ ಪಾಲು. ಜೂನ್ 14ರ ರೇಡಿಯೋ ಭಾಷಣದಲ್ಲಿ ವೇವೆಲ್ ಬಳಸಿದ ಪದ ಬರೀ ಹಿಂದೂ ಅಲ್ಲ, ಕಾಸ್ಟ್ ಹಿಂದೂ. ಗಾಂಧೀಜಿ ತಕ್ಷಣ ಈ ಪದಕ್ಕೆ ಆಕ್ಷೇಪ ಎತ್ತಿದ್ರು. ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರೋರು ಇರಬಹುದು. ಬ್ರಿಟಿಷರು ಎಷ್ಟೋ ಸುಳ್ಳು ಬರೆದಿದ್ದಾರೆ, ಆ ಒಂದು ಪದ ಮಾತ್ರ ಸುಳ್ಳಲ್ಲ. ನಮ್ಮೂರಿನ ಬಾವಿ ಹತ್ರ ಹೋಗಿ ಕೇಳಿದ್ರೆ ಯಾರು ಯಾವ ಕಾಲಂ ಅಂತ ಅವತ್ತೂ ಗೊತ್ತಾಗ್ತಿತ್ತು.

ಬಾಬಾಸಾಹೇಬರು ಆ ಯೋಜನೆ ಗೊತ್ತಾದ ಕೂಡ್ಲೇ, ಭಾಷಣಕ್ಕೂ ಒಂದು ವಾರ ಮುಂಚೆ, ಜೂನ್ 7ಕ್ಕೆ ವೇವೆಲ್‌ಗೆ ಪತ್ರ ಬರೆದ್ರು. ಅದರ ತಿರುಳು ಇಷ್ಟೇ: 9 ಕೋಟಿ ಮುಸ್ಲಿಮರಿಗೆ 5 ಸ್ಥಾನ, 60 ಲಕ್ಷ ಸಿಖ್ಖರಿಗೆ 1 ಸ್ಥಾನ, 5 ಕೋಟಿ ಅಸ್ಪೃಶ್ಯರಿಗೂ 1 ಸ್ಥಾನ, ಇದು ಯಾವ ಸೀಮೆ ಲೆಕ್ಕ? ಕನಿಷ್ಠ 3 ಬೇಕು. ಗಮನಿಸಿ, ಅವರು ಮುಸ್ಲಿಮರದ್ದು ಕಿತ್ತು ಕೊಡಿ ಅನ್ನಲಿಲ್ಲ, ಸಿಖ್ಖರದ್ದು ಜಾಸ್ತಿಯಾಯ್ತು ಅನ್ನಲಿಲ್ಲ. ತನ್ನ ಜನರ ತಲೆ ಎಣಿಸಿ ಎದುರಿಗಿಟ್ಟರು. ಅದೂ ಯಾರಿಗೆ? ತಾನು ಯಾರ ಮಂಡಳೀಲಿ ಸದಸ್ಯನೋ ಅವನಿಗೇ. ಮೇಲಧಿಕಾರಿಗೆ ವಿರುದ್ಧವಾಗಿ ಒಂದು ಟಿಪ್ಪಣಿ ಬರೆಯೋಕೆ ನಮಗೆಲ್ಲಾ ಕೈ ನಡುಗುತ್ತೆ, ಸರ್ಕಾರಿ ನೌಕರಿ ಮಾಡೋರಿಗೆ ಇದರ ತೂಕ ಗೊತ್ತು.

ಸಮ್ಮೇಳನ ಮುರಿದು ಬಿತ್ತು. ಮುಸ್ಲಿಂ ಸದಸ್ಯರನ್ನೆಲ್ಲಾ ಲೀಗೇ ಹೆಸರಿಸಬೇಕು ಅಂತ ಜಿನ್ನಾ ಹಟ ಹಿಡಿದ್ರು, ಕಾಂಗ್ರೆಸ್ ಒಪ್ಪಲಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಕ್ಯಾಬಿನೆಟ್ ಮಿಷನ್‌ನವರು ಇದೇ ಶಿಮ್ಲಾದಲ್ಲಿ ಮತ್ತೆ ಮಾತುಕತೆಗೆ ಕೂತಾಗ ಕಾಂಗ್ರೆಸ್ಸಿಂದ ನಾಲ್ಕು, ಲೀಗಿಂದ ನಾಲ್ಕು. ನಮ್ಮ ಪ್ರತಿನಿಧಿಗೆ ಆ ಒಂದು ಕುರ್ಚೀನೂ ಇಲ್ಲ. ಮೇ 16ಕ್ಕೆ ಮಿಷನ್ ಹೇಳಿಕೆ ಬಂತು. ಸಂವಿಧಾನ ಸಭೆಗೆ ಆಯ್ಕೆ ಮಾಡೋಕೆ ಅದರಲ್ಲಿ ಇದ್ದದ್ದು ಮೂರೇ ಗುಂಪು: ಸಾಮಾನ್ಯ, ಮುಸ್ಲಿಂ, ಸಿಖ್. ಒಂದೇ ವರ್ಷದಲ್ಲಿ 5 ಕೋಟಿ ಜನ ಸಾಮಾನ್ಯರೊಳಗೆ ಮಾಯ. ಅದಕ್ಕೇ ಆ ಜುಲೈನಲ್ಲಿ ಪುಣೆಯಲ್ಲಿ ಒಕ್ಕೂಟದವರು ಸತ್ಯಾಗ್ರಹ ಹೂಡಿ ಜೈಲಿಗೆ ಹೋದ್ರು. ಅದಕ್ಕೇ ಬಾಬಾಸಾಹೇಬರು ಮುಂಬೈ ಬಿಟ್ಟು ಬಂಗಾಳದಿಂದ, ಜೋಗೇಂದ್ರನಾಥ ಮಂಡಲರ ಬೆಂಬಲದಲ್ಲಿ, ಸಂವಿಧಾನ ಸಭೆಗೆ ಬರಬೇಕಾಯ್ತು. ಈ ಕೊಂಡಿಯನ್ನ ನಾನು ಯಾವತ್ತೂ ಶಿಮ್ಲಾಕ್ಕೆ ಹಾಕಿ ನೋಡಿರಲಿಲ್ಲ.

ಈಗ ಇನ್ನೊಂದು ವಿಷಯ. ಇದು ನಮ್ಮಲ್ಲಿ ಕೆಲವರು ಬಾಯಿ ಬಿಟ್ಟು ಮಾತಾಡೋಕೆ ಹಿಂಜರಿಯೋ ವಿಷಯ. "ನಿಮ್ಮ ಅಂಬೇಡ್ಕರು, ಎಲ್ಲರೂ ಕ್ವಿಟ್ ಇಂಡಿಯಾ ಅಂತ ಜೈಲಲ್ಲಿದ್ದಾಗ ವೈಸ್‌ರಾಯ್ ಪಕ್ಕ ಕೂತಿದ್ರಲ್ಲಾ" ಅನ್ನೋ ಮಾತು. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಚೇರೀಲಿ, ಟೀ ಹೊತ್ತಲ್ಲಿ, ಒಬ್ಬರು ನಗ್ತಾ ನಗ್ತಾ ಅಂದಿದ್ರು. ಅವತ್ತು ಸಿಟ್ಟು ಬಂತು, ಉತ್ತರ ಬರಲಿಲ್ಲ. ಈಗ ಬರೀತಿದ್ದೀನಿ.

ಹೌದು ಸ್ವಾಮಿ, ಕೂತಿದ್ರು. 1942ರ ಜುಲೈನಲ್ಲಿ ಕಾರ್ಮಿಕ ಸದಸ್ಯರಾಗಿ ಹೋಗಿ ಕೂತ್ರು. ಮೂರು ತಿಂಗಳು ಕಳೀತು. ಅಕ್ಟೋಬರ್ 29ಕ್ಕೆ ವೈಸ್‌ರಾಯ್ ಲಿನ್‌ಲಿತ್‌ಗೋ ಮುಂದೆ ಒಂದು ಮನವಿ ಇಟ್ರು, ಪರಿಶಿಷ್ಟ ಜಾತಿಗಳ ಕುಂದುಕೊರತೆಗಳು ಅಂತ. ಅದನ್ನ ಓದಿ. ಅದರಲ್ಲಿ ಅಬ್ಬರ ಇಲ್ಲ, ಅಳು ಇಲ್ಲ. ಶಾಸನಸಭೇಲಿ ನಮ್ಮವರು ಎಷ್ಟು, ಕೇಂದ್ರದ ನೌಕರೀಲಿ ನಮ್ಮವರು ಎಷ್ಟು, ವಿಜ್ಞಾನ ತಾಂತ್ರಿಕ ಓದಿಗೆ ನಮ್ಮ ಮಕ್ಕಳಿಗೆ ದುಡ್ಡು ಎಲ್ಲಿ, ಸರ್ಕಾರಿ ಕಟ್ಟಡ ಕಾಮಗಾರಿಗಳ ಗುತ್ತಿಗೇಲಿ ನಮಗೆ ಪಾಲು ಎಲ್ಲಿ ಅಂತ ಒಂದೊಂದಾಗಿ ಕೇಳ್ತಾ ಹೋಗ್ತಾರೆ. ಒಳ್ಳೇ ಕೇಸ್‌ವರ್ಕರ್ ಬರೆದ ಕಡತದ ಹಾಗೆ, ಎಲ್ಲೂ ಆಕ್ಷೇಪಣೆ ಹಾಕಿ ವಾಪಸ್ ಕಳಿಸೋಕೆ ಸಂದು ಬಿಟ್ಟಿಲ್ಲ.

ಫಲ ಏನು? 1943ರ ಆಗಸ್ಟಿನಲ್ಲಿ ಭಾರತ ಸರ್ಕಾರದ ಆದೇಶ. ಕೇಂದ್ರ ನೌಕರಿಯ ನೇರ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 8⅓. ವಯೋಮಿತೀಲಿ 3 ವರ್ಷ ಸಡಿಲ, ಪರೀಕ್ಷೆ ಶುಲ್ಕ ಕಾಲು ಭಾಗ. 1946ರ ಜೂನ್‌ನಲ್ಲಿ ಅದು ನೂರಕ್ಕೆ 12½ ಆಯ್ತು. ಮೈಸೂರಲ್ಲಿ ನಾಲ್ವಡಿಯವರ ಕಾಲದ ಮಿಲ್ಲರ್ ಸಮಿತಿ, ಅದಕ್ಕೂ ಮುಂಚೆ 1902ರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರ ಆದೇಶ ಇವೆಲ್ಲಾ ಇದ್ವು, ಇಲ್ಲ ಅನ್ನಲ್ಲ. ಆದ್ರೆ ಇಡೀ ಭಾರತ ಸರ್ಕಾರದ ನೌಕರೀಲಿ ಪರಿಶಿಷ್ಟ ಜಾತಿಗೆ ಅಂತ ಇಷ್ಟು ಅಂತ ಅಂಕಿ ಹಾಕಿ ಬರೆದದ್ದು ಇಲ್ಲಿಂದ. ನಾನು ಎಸ್‌ಡಿಎ ಪರೀಕ್ಷೆಗೆ ಅರ್ಜಿ ಹಾಕಿದಾಗ ನನ್ನ ಕೈಲಿದ್ದದ್ದು ಸಂವಿಧಾನ ಬಂದ್ಮೇಲಿನ ರಾಜ್ಯದ ನಿಯಮ, ಅದು ಬೇರೆ. ಆದ್ರೆ ಆ ಅರ್ಜೀಲಿ ಒಂದು ಕಾಲಂ ಇತ್ತಲ್ಲ, ವಯಸ್ಸಿನ ಸಡಿಲಿಕೆ, ಶುಲ್ಕದ ರಿಯಾಯಿತಿ, ಆ ಯೋಚನೆ ಮೊದಲು ಯಾವ ಮೇಜಿನ ಮೇಲೆ ಬಂತು ಅಂತ ಈಗ ಗೊತ್ತಾಯ್ತು.

ಇನ್ನೊಂದು 1944. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು ಆ ವರ್ಷ. ಇದನ್ನ ಓದಿದಾಗ ಮೊಬೈಲ್ ಕೆಳಗಿಟ್ಟೆ.

ನನ್ನ ಬಿಎ ಮೂರು ವರ್ಷ ಅದರಲ್ಲೇ ನಡೆದದ್ದು. ಅಪ್ಪ ತೀರ್ಕೊಂಡಿದ್ರು, ಅವ್ವ ಕೂಲಿ. ಹಾಸ್ಟೆಲಲ್ಲಿ ಮುದ್ದೆ ಸಾರು ಸಿಗ್ತಿತ್ತು, ಆದ್ರೆ ಪರೀಕ್ಷೆ ಫೀಸು, ಪುಸ್ತಕ, ಒಂದು ಜೊತೆ ಬಟ್ಟೆ ಎಲ್ಲಾ ಆ ಸ್ಕಾಲರ್‌ಶಿಪ್ ಬಂದ ದಿನಕ್ಕೆ ಕಾಯ್ತಿತ್ತು. ನೋಟಿಸ್ ಬೋರ್ಡಲ್ಲಿ ಪಟ್ಟಿ ಹಾಕ್ತಿದ್ರು. ನಮ್ಮ ಹೆಸರು ಹುಡುಕೋವಾಗ ಹಿಂದಿನಿಂದ ಯಾರಾದ್ರೂ "ಪುಗಸಟ್ಟೆ ದುಡ್ಡು ಬಂತೇನೋ" ಅಂತಿದ್ರು. ನಾವು ತಲೆ ತಗ್ಗಿಸಿ ನಗ್ತಿದ್ವಿ. ಅದು ಸರ್ಕಾರದ ಕರುಣೆ ಅಂತ ಅವರೂ ಅಂದ್ಕೊಂಡಿದ್ರು, ನಿಜ ಹೇಳ್ಬೇಕಂದ್ರೆ ನಾನೂ ಅಂದ್ಕೊಂಡಿದ್ದೆ. ಯುದ್ಧದ ನಡುವೆ, ಬ್ರಿಟಿಷ್ ಸರ್ಕಾರದ ಒಳಗೆ ಕೂತು, ಒಬ್ಬರು ಲೆಕ್ಕ ಹಾಕಿ, ಮನವಿ ಬರೆದು, ವೈಸ್‌ರಾಯ್ ಕೈಯಿಂದ ಬಿಡಿಸಿಕೊಂಡ ದುಡ್ಡು ಅದು ಅಂತ ಅವತ್ತು ಗೊತ್ತಿದ್ದಿದ್ರೆ ತಲೆ ತಗ್ಗಿಸ್ತಿರಲಿಲ್ಲ.

ಜೈಲಿಗೆ ಹೋದವರ ತ್ಯಾಗ ಸಣ್ಣದು ಅಂತ ನಾನು ಹೇಳ್ತಿಲ್ಲ. ಆ ನಾಲ್ಕು ವರ್ಷ ಬಾಬಾಸಾಹೇಬರು ಆ ಕುರ್ಚೀಲಿ ಕೂರದೇ ಇದ್ದಿದ್ರೆ ನನ್ನ ಬಿಎ ಎಲ್ಲಿರ್ತಿತ್ತು ಅಂತ ಆ ಟೀ ಹೊತ್ತಿನ ಮಿತ್ರರು ಹೇಳ್ಬೇಕು.

ಮಾರನೇ ದಿನ ಮಗಳಿಗೆ ಇದನ್ನೆಲ್ಲಾ ಹೇಳೋಕೆ ಅಂತ ಮತ್ತೆ ಅದೇ ಗುಡ್ಡಕ್ಕೆ ಹೋದ್ವಿ. ಈ ಸಲ ಟಿಕೆಟ್ ತಗೊಳ್ಳಲಿಲ್ಲ, ಹೊರಗೆ ದೇವದಾರು ಮರದ ಕೆಳಗೆ ಕೂತು ಮಾತಾಡಿದ್ವಿ. ಸ್ವಾತಂತ್ರ್ಯ ಬಂದ್ಮೇಲೆ ಈ ಮನೆ ರಾಷ್ಟ್ರಪತಿ ನಿವಾಸ ಆಯ್ತು. ರಾಷ್ಟ್ರಪತಿ ರಾಧಾಕೃಷ್ಣನ್ ಇದನ್ನ ಓದು ಸಂಶೋಧನೆಗೆ ಬಿಟ್ಟುಕೊಟ್ಟರು, 1965ರ ಅಕ್ಟೋಬರ್ 20ಕ್ಕೆ ಉನ್ನತ ಅಧ್ಯಯನ ಸಂಸ್ಥೆಯ ಉದ್ಘಾಟನೆ ಆಯ್ತು. ಸಾಹೇಬರು ಮೇಡಮ್ಮಗಳು ಕುಣೀತಿದ್ದ ಕಡೆ ಈಗ ಲೈಬ್ರರಿ. ಇಷ್ಟು ಚೆನ್ನಾಗಿ ಬಳಕೆಯಾದ ಅರಮನೆ ಇನ್ನೊಂದು ನಾನು ನೋಡಿಲ್ಲ. "ಇಲ್ಲಿ ಓದೋಕೆ ಎಷ್ಟು ಮಾರ್ಕ್ಸ್ ಬೇಕಪ್ಪಾ?" ಅಂದ್ಲು. ಪಿಎಚ್‌ಡಿ ಮುಗಿಸಿದವರು ಬರೋ ಜಾಗ ಕಣಮ್ಮಾ ಅಂದೆ. "ಆಯ್ತು, ಮುಗಿಸ್ತೀನಿ" ಅಂದ್ಲು. ಪಿಯುಸಿ ಮೊದಲು ಮುಗೀಲಿ ಅಂತ ಅವಳಮ್ಮ.

ಊರಿಗೆ ಬಂದು ಶಿವರಾಜರ ವಿಷಯ ಕೆಜಿಎಫ್‌ನ ಗೆಳೆಯನಿಗೆ ಫೋನಲ್ಲಿ ಹೇಳ್ದೆ. ಅವನು ಆ ಕಡೆಯಿಂದ ನಕ್ಕ. "ನಿನಗೆ ಈಗ ಗೊತ್ತಾಯ್ತೇನೋ? ನಮ್ಮ ಲೈನ್ ಮನೇಲಿ ಬಾಬಾಸಾಹೇಬರ ಫೋಟೋ ಪಕ್ಕದಲ್ಲೇ ಅವರದ್ದೂ ಇತ್ತು. ನಮ್ಮ ತಾತ ಗಣಿಗೆ ಇಳಿಯೋ ಮುಂಚೆ ಇಬ್ಬರಿಗೂ ಕೈ ಮುಗೀತಿದ್ದ" ಅಂದ. ಆ ಫೋಟೋ ಈಗ ಇದ್ಯಾ ಅಂದೆ. ಹುಡುಕ್ತೀನಿ ಅಂದಿದ್ದಾನೆ. ಸಿಕ್ಕಿದ್ರೆ ಇಲ್ಲೇ ಹಾಕ್ತೀನಿ.

ಆ ಮನವಿ, ಕೌನ್ಸಿಲ್ ಕಾಲದ ಭಾಷಣಗಳು ಎಲ್ಲಾ ಬಾಬಾಸಾಹೇಬರ ಬರಹ ಭಾಷಣಗಳ ಇಂಗ್ಲಿಷ್ ಮಾಲಿಕೆಯ 10ನೇ ಸಂಪುಟದಲ್ಲಿವೆ. ಮುಂದಿನ ಭಾನುವಾರ ನಮ್ಮ ಕಾಲೋನಿ ಭವನದಲ್ಲಿ ಸಂಜೆ ಐದಕ್ಕೆ ಕೂತು ಆ ಮನವಿಯನ್ನ ಪೂರ್ತಿ ಓದೋಣ ಅಂತಿದ್ದೀವಿ. ಕಾಲೇಜು ಹುಡುಗರು ಹುಡುಗೀರು ಖಂಡಿತ ಬನ್ನಿ, ಸ್ಕಾಲರ್‌ಶಿಪ್ ತಗೊಳ್ತಿರೋರಂತೂ ತಪ್ಪಿಸ್ಕೊಳ್ಳಬೇಡಿ. ಟೀ ಖರ್ಚು ನಂದು, ನನ್ನ ಎಲ್‌ಟಿಸಿ ಬಿಲ್ ಅಷ್ಟರಲ್ಲಿ ಪಾಸಾದ್ರೆ ಜೊತೆಗೆ ಬೋಂಡಾನೂ.